ಮುಳ್ಳಿನೊಳಗೆ ಮನೆ, ಎಲೆತುದಿಯಲ್ಲಿ ಊಟ: ಇರುವೆ ಮತ್ತು ಮರಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಹಿಂದಿನ ಸಂಚಿಕೆಯಲ್ಲಿ ಮುಳ್ಳಿನ ತೂತಿನಿಂದ ಹೊರಗೆ ಇಣುಕುತ್ತಿರುವ ಇರುವೆಯ ಫೋಟೋ ಹಾಕಿ ಕೆಳಗೆ ಎರಡೇ ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬಂದಿದೆ. ಎಲ್ಲವನ್ನೂ ಓದಿದ್ದೇನೆ. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟು ಸೇರಿಸಿ ಈ ಸಲದ ಪೂರ್ತಿ ಅಂಕಣವನ್ನು ಇದಕ್ಕೇ ಇಟ್ಟಿದ್ದೇನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಆ ಫೋಟೋ ತೋರಿಸಿದಾಗ ಮಕ್ಕಳು ಕೇಳಿದ್ದು ಒಂದೇ ಮಾತು: ಇರುವೆಗೆ ಮನೆ ಬೇಕು ಅಂತ ಮರಕ್ಕೆ ಹೇಗೆ ಗೊತ್ತಾಯಿತು ಸಾರ್? ನನಗೆ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. (ಶಿರಸಿ)

ಮೇಷ್ಟ್ರೇ, ಮಕ್ಕಳು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಮೊದಲು ಆ ಮರದಲ್ಲಿ ಏನು ನಡೆಯುತ್ತದೆ ಅಂತ ಹೇಳಿಬಿಡುತ್ತೇನೆ, ಆಮೇಲೆ 'ಹೇಗೆ ಗೊತ್ತಾಯಿತು' ಅನ್ನುವುದಕ್ಕೆ ಬರೋಣ.

ಫೋಟೋದಲ್ಲಿದ್ದದ್ದು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಒಂದು ಜಾಲಿ. ನಮ್ಮ ಗೊಬ್ಬಳಿ ಜಾಲಿಯ ದೂರದ ನೆಂಟ ಅನ್ನಿ. ಇದರ ಮುಳ್ಳುಗಳು ಜೋಡಿಯಾಗಿ, ಬುಡದಲ್ಲಿ ಉಬ್ಬಿಕೊಂಡು, ಥೇಟ್ ಎತ್ತಿನ ಕೊಂಬಿನ ಹಾಗೆ ಬೆಳೆಯುತ್ತವೆ. ಎಳೆ ಮುಳ್ಳು ಇನ್ನೂ ಹಸಿರಾಗಿ ಮೆತ್ತಗಿರುವಾಗ ಒಂದು ರಾಣಿ ಇರುವೆ ಬಂದು, ತುದಿಯ ಹತ್ತಿರ ತೂತು ಕೊರೆದು, ಒಳಗಿನ ಮೆದು ಭಾಗವನ್ನು ತೆಗೆದು ಹಾಕಿ ಅಲ್ಲೇ ಮೊಟ್ಟೆ ಇಡುತ್ತಾಳೆ. ಶುರುವಿಗೆ ಅವಳೊಬ್ಬಳೇ. ಸಿಹಿರಸ ಕುಡಿದು ಬರಬೇಕು, ಮರಿಗಳಿಗೆ ಉಣಿಸಬೇಕು, ಎಲ್ಲವೂ ಅವಳ ಮೈಮೇಲೆಯೇ. ಮೊದಲ ಮರಿಗಳು ಬೆಳೆದು ಕೆಲಸಕ್ಕೆ ನಿಂತ ಮೇಲೆ ಒಂದೊಂದೇ ಮುಳ್ಳು ವಶವಾಗುತ್ತಾ ಹೋಗಿ ಕೊನೆಗೆ ಇಡೀ ಮರವೇ ಒಂದು ಊರಾಗುತ್ತದೆ, ಸಾವಿರಾರು ಇರುವೆಗಳ ಊರು. ಈ ಇರುವೆಗೆ ಸ್ಯೂಡೋಮಿರ್ಮೆಕ್ಸ್ ಅಂತ ಹೆಸರು. ತೆಳ್ಳಗೆ, ಉದ್ದಕ್ಕೆ ಇರುತ್ತದೆ. ಕಚ್ಚಿದರೆ ಕಣಜ ಕಚ್ಚಿದ ಹಾಗೆ ಉರಿ.

ಊಟದ ವ್ಯವಸ್ಥೆ ಇನ್ನೂ ಚೆನ್ನಾಗಿದೆ. ಎಲೆಯ ತೊಟ್ಟಿನ ಮೇಲೆ ಸಣ್ಣ ಗಂಟುಗಳಿವೆ, ಅವುಗಳಿಂದ ಸಿಹಿರಸ ಒಸರುತ್ತದೆ. ಕಿರುಎಲೆಗಳ ತುದಿಯಲ್ಲಿ ಸಾಸಿವೆಗಿಂತಲೂ ಸಣ್ಣ ಉಂಡೆಗಳಿರುತ್ತವೆ, ಅವುಗಳಲ್ಲಿ ಪ್ರೋಟೀನು, ಕೊಬ್ಬು ಎರಡೂ ಇದೆ. ಇವನ್ನು ಬೆಲ್ಟಿಯನ್ ಬಾಡಿ ಅನ್ನುತ್ತಾರೆ. ಕೆಲಸಗಾರ ಇರುವೆಗಳು ಆ ಉಂಡೆಯನ್ನು ಕತ್ತರಿಸಿ ಮುಳ್ಳಿನೊಳಗೆ ಒಯ್ದು, ಮರಿಹುಳುವಿನ ಬಾಯಿಯ ಕೆಳಗಿರುವ ಒಂದು ಚೀಲದಲ್ಲಿ ಇಡುತ್ತವೆ. ಹೌದು, ಆ ಮರಿಗೆ ಕತ್ತಿನ ಬುಡದಲ್ಲಿ ಒಂದು ಪುಟ್ಟ ಜೇಬಿದೆ. ತಲೆ ಬಗ್ಗಿಸಿ ಆ ಜೇಬಿನಿಂದಲೇ ತಿನ್ನುತ್ತದೆ. ನಾನು ಮೊದಲ ಸಲ ಇದರ ಚಿತ್ರ ನೋಡಿದಾಗ ಬುತ್ತಿ ಕಟ್ಟಿಕೊಂಡ ಮಗುವೇ ಕಣ್ಣೆದುರು ಬಂತು.

ಇಷ್ಟಕ್ಕೆಲ್ಲ ಬದಲಾಗಿ ಇರುವೆಗಳು ಹಗಲೂ ರಾತ್ರಿ ಮರದ ಮೇಲೆ ಓಡಾಡುತ್ತವೆ. ಎಲೆ ತಿನ್ನುವ ಹುಳ ಬಂದರೆ ಕಚ್ಚಿ ಓಡಿಸುತ್ತವೆ. ದನ ಬಾಯಿ ಹಾಕಿದರೂ ಬಿಡುವುದಿಲ್ಲ. ಪಕ್ಕದ ಬಳ್ಳಿ ಮರಕ್ಕೆ ಹಬ್ಬಲು ಬಂದರೆ ಅದನ್ನು ಕಡಿಯುತ್ತವೆ, ಬುಡದ ಸುತ್ತ ಮೊಳೆತ ಗಿಡಗಳನ್ನೂ ಕಡಿಯುತ್ತವೆ. ಹಾಗಾಗಿ ಈ ಮರದ ಬುಡದಲ್ಲಿ ಗುಡಿಸಿಟ್ಟ ಅಂಗಳದ ಹಾಗೆ ಬೋಳು ಜಾಗ ಕಾಣುತ್ತದೆ.

ಥಾಮಸ್ ಬೆಲ್ಟ್ ಅನ್ನುವ ಇಂಗ್ಲಿಷ್ ಗಣಿ ಎಂಜಿನಿಯರ್ ನಿಕರಾಗುವಾದ ಚಿನ್ನದ ಗಣಿಯಲ್ಲಿ ಕೆಲಸ ಮಾಡುತ್ತಿದ್ದಾಗ ಇದನ್ನು ಗಮನಿಸಿ, 1874ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಬರೆದ. ಮರ ಇರುವೆಗಳನ್ನು ಕಾವಲು ಸೈನ್ಯವಾಗಿ ಸಾಕಿಕೊಂಡಿದೆ ಅನ್ನುವುದು ಅವನ ಮಾತಿನ ಸಾರ. ಆ ಉಂಡೆಗಳಿಗೆ ಅವನದೇ ಹೆಸರು. ಆದರೆ ತುಂಬಾ ಜನ ನಂಬಲಿಲ್ಲ. ಇರುವೆ ಸುಮ್ನೆ ಅಲ್ಲಿ ವಾಸ ಮಾಡಿಕೊಂಡಿದೆ, ಮರಕ್ಕೆ ಅದರಿಂದ ಏನೂ ಇಲ್ಲ ಅನ್ನುವ ವಾದ ಬಹಳ ಕಾಲ ನಡೆಯಿತು. ಅದನ್ನು ಮುಗಿಸಿದ್ದು ಅಮೆರಿಕದ ಜೀವವಿಜ್ಞಾನಿ ಡೇನಿಯಲ್ ಜಾನ್‌ಜೆನ್. 1960ರ ದಶಕದಲ್ಲಿ ಪೂರ್ವ ಮೆಕ್ಸಿಕೋದಲ್ಲಿ ಕೆಲವು ಜಾಲಿಗಳಿಂದ ಇರುವೆಗಳನ್ನು ಪೂರ್ತಿ ತೆಗೆದು, ಇರುವೆ ಇರುವ ಪಕ್ಕದ ಜಾಲಿಗಳ ಜೊತೆ ಹೋಲಿಸಿ ನೋಡಿದರು. ಇರುವೆ ಹೋದ ಮರಗಳನ್ನು ಹುಳಗಳು ತಿಂದು ಹಾಕಿದವು, ಬಳ್ಳಿಗಳು ಮುಚ್ಚಿದವು, ಬೆಳವಣಿಗೆ ನಿಂತಿತು, ಎಷ್ಟೋ ಮರ ಸತ್ತೇ ಹೋದವು. 1966ರಲ್ಲಿ ಇದು ಪ್ರಕಟವಾಯಿತು. ಅಷ್ಟು ಸರಳ ಪ್ರಯೋಗವನ್ನು ಅದುವರೆಗೆ ಯಾರೂ ಕೂತು ಮಾಡಿರಲಿಲ್ಲ. ನಿಮ್ಮ ತರಗತಿಯಲ್ಲಿ ಇದನ್ನು ಖಂಡಿತ ಹೇಳಿ.

ಈಗ 'ಹೇಗೆ ಗೊತ್ತಾಯಿತು'. ಮರಕ್ಕೆ ಏನೂ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಇಂಥ ಗುಣಗಳು ಒಟ್ಟಿಗೆ ಒಂದೇ ದಿನ ಬಂದವಲ್ಲ. ಎಲೆಯ ಮೇಲೆ ಚೂರು ಸಿಹಿ ಒಸರುವುದು ಎಷ್ಟೋ ಗಿಡಗಳಲ್ಲಿ ಇದೆ. ಸಿಹಿ ಇದ್ದಲ್ಲಿ ಇರುವೆ ಬಂತು. ಬಂದ ಇರುವೆ ದಾರಿಯಲ್ಲಿ ಸಿಕ್ಕ ಹುಳವನ್ನೂ ಹಿಡಿದು ತಿಂದಿತು. ಆ ಗಿಡಕ್ಕೆ ಪಕ್ಕದ ಗಿಡಕ್ಕಿಂತ ನಾಲ್ಕು ಎಲೆ ಜಾಸ್ತಿ ಉಳಿಯಿತು, ನಾಲ್ಕು ಬೀಜ ಜಾಸ್ತಿ ಆಯಿತು. ಆ ಬೀಜದಿಂದ ಹುಟ್ಟಿದವುಗಳಲ್ಲಿ ಯಾವುದಕ್ಕೆ ಸಿಹಿ ಇನ್ನೂ ಚೂರು ಹೆಚ್ಚಿತ್ತೋ, ಯಾವುದರ ಮುಳ್ಳು ಇನ್ನೂ ಚೂರು ದಪ್ಪವಾಗಿತ್ತೋ ಅದಕ್ಕೆ ಮತ್ತೆ ನಾಲ್ಕು ಬೀಜ ಜಾಸ್ತಿ. ಇರುವೆ ಕಡೆಯಲ್ಲೂ ಹೀಗೆಯೇ: ಮರ ಬಿಟ್ಟು ಅಲೆಯುವುದಕ್ಕಿಂತ ಅಲ್ಲೇ ಉಳಿದು ಕಾದವುಗಳ ಸಂಸಾರ ಬೆಳೆಯಿತು. ಲಕ್ಷಗಟ್ಟಲೆ ತಲೆಮಾರು ಹೀಗೆ ನಡೆದರೆ ಕೊನೆಗೆ ನೋಡುವವರಿಗೆ ಯಾರೋ ಕೂತು ನಕ್ಷೆ ಹಾಕಿ ಕಟ್ಟಿದ ಮನೆಯ ಹಾಗೆ ಕಾಣುತ್ತದೆ.

ಮಕ್ಕಳಿಗೆ ಇನ್ನೊಂದು ವಿಷಯ ಹೇಳಿ. ಮೊಸರಿಗೆ ಹೆಪ್ಪು ಹಾಕುತ್ತೇವಲ್ಲ, ನಿನ್ನೆಯ ಮೊಸರಿನಿಂದ ಇವತ್ತಿನದಕ್ಕೆ? ಇರುವೆ ಹಾಗೆ ತಾಯಿ ಮರದಿಂದ ಮರಿ ಮರಕ್ಕೆ ದಾಟುವುದಿಲ್ಲ. ಬೀಜದ ಒಳಗೆ ಇರುವೆ ಇರುವುದಿಲ್ಲ. ಪ್ರತಿ ಸಸಿಯೂ ಒಂಟಿಯಾಗಿ ಹುಟ್ಟಿ, ಎಲ್ಲಿಂದಲೋ ಹಾರಿ ಬರುವ ರಾಣಿಗಾಗಿ ಕಾಯಬೇಕು. ಅಷ್ಟರೊಳಗೆ ಹುಳ ತಿಂದರೆ ಮುಗಿಯಿತು. ಅಂದರೆ ಈ ಸಂಬಂಧವನ್ನು ಪ್ರತಿ ತಲೆಮಾರಿನಲ್ಲೂ ಹೊಸದಾಗಿ ಕಟ್ಟಬೇಕು. ಇಷ್ಟು ವರ್ಷವೂ ಅದು ಉಳಿದುಬಂದಿರುವುದು ಅದಕ್ಕೇ ನನಗೆ ದೊಡ್ಡ ಸಂಗತಿ ಅನ್ನಿಸುತ್ತದೆ.

ಊಟ, ಮನೆ ಎರಡೂ ಪುಕ್ಕಟೆ ಸಿಗುವಾಗ ಇರುವೆ ಕೆಲಸ ಯಾಕೆ ಮಾಡಬೇಕು? ಸುಮ್ಮನೆ ತಿಂದುಕೊಂಡು ಇರಬಹುದಲ್ಲ? (ದಾವಣಗೆರೆ)

ಇರಬಹುದು, ಕೆಲವು ಹಾಗೇ ಇವೆ! ಅದೇ ಮಧ್ಯ ಅಮೆರಿಕದ ಜಾಲಿಯಲ್ಲಿ ಇನ್ನೊಂದು ಜಾತಿಯ ಇರುವೆ ಬಂದು ಸೇರಿಕೊಳ್ಳುತ್ತದೆ. ಮುಳ್ಳಿನಲ್ಲಿ ಮಲಗುತ್ತದೆ, ಉಂಡೆ ತಿನ್ನುತ್ತದೆ, ಹುಳ ಬಂದರೆ ತಿರುಗಿಯೂ ನೋಡುವುದಿಲ್ಲ. ಇದನ್ನೂ ಜಾನ್‌ಜೆನ್ ಅವರೇ 1975ರಲ್ಲಿ ಬರೆದರು. ಅಲ್ಲೇ ಒಂದು ಜಿಗಿಯುವ ಜೇಡವೂ ಇದೆ. ಜೇಡ ಅಂದರೆ ಬೇಟೆಯಾಡಿ ಬದುಕುವ ಪ್ರಾಣಿ ಅಲ್ವಾ? ಇದು ಮಾತ್ರ ಕಾವಲು ಇರುವೆಗಳ ಕಣ್ಣು ತಪ್ಪಿಸಿ ಎಲೆತುದಿಯ ಉಂಡೆ ಕದ್ದು ತಿಂದುಕೊಂಡೇ ಬದುಕುತ್ತದೆ. ಮೆಕ್ಸಿಕೋದಲ್ಲಿ ಅದರ ಆಹಾರದಲ್ಲಿ ನೂರಕ್ಕೆ 90ರಷ್ಟು ಈ ಉಂಡೆಗಳೇ ಅಂತ 2009ರಲ್ಲಿ ಗೊತ್ತಾಯಿತು.

ಹಾಗಾಗಿ ಮರದ ಕಡೆಯಲ್ಲೂ ಕೆಲವು ಬಿಗಿಗಳು ಬೆಳೆದಿವೆ. ಇದು ನನಗೆ ಈ ಇಡೀ ಕತೆಯಲ್ಲಿ ಅತ್ಯಂತ ಇಷ್ಟವಾದ ಭಾಗ, ಚೂರು ತಾಳ್ಮೆಯಿಂದ ಓದಿ.

ನಾವು ಟೀಗೆ ಹಾಕುವ ಸಕ್ಕರೆ ಇದೆಯಲ್ಲ, ಅದು ಸುಕ್ರೋಸ್. ಸಾಮಾನ್ಯವಾಗಿ ಗಿಡಗಳ ಸಿಹಿರಸದಲ್ಲಿ ಇದು ಇರುತ್ತದೆ, ಇರುವೆಗಳಿಗೆ ತುಂಬಾ ಇಷ್ಟ. ಅದನ್ನು ಅರಗಿಸಲು ಹೊಟ್ಟೆಯಲ್ಲಿ ಇನ್ವರ್ಟೇಸ್ ಅನ್ನುವ ಒಂದು ಕಿಣ್ವ ಬೇಕು. ಈ ಜಾಲಿಯ ರಸದಲ್ಲಿ ಸುಕ್ರೋಸ್ ಇಲ್ಲ. ಮರವೇ ಆ ಕಿಣ್ವವನ್ನು ರಸಕ್ಕೆ ಬೆರೆಸಿ ಸಕ್ಕರೆಯನ್ನು ಮೊದಲೇ ಒಡೆದು ಇಟ್ಟಿರುತ್ತದೆ. ದಾರಿಹೋಕ ಇರುವೆಗಳಿಗೆ ಈ ರಸ ಅಷ್ಟೇನೂ ರುಚಿಸುವುದಿಲ್ಲ. ಆದರೆ ಅಲ್ಲಿ ವಾಸ ಮಾಡುವ ಇರುವೆಗೆ ಇದೇ ಬೇಕು, ಯಾಕೆಂದರೆ ಅದರ ಹೊಟ್ಟೆಯಲ್ಲಿ ಆ ಕಿಣ್ವ ಕೆಲಸ ಮಾಡುವುದಿಲ್ಲ. ಮಾರ್ಟಿನ್ ಹೈಲ್ ಮತ್ತು ಜೊತೆಗಾರರು ಇದನ್ನು 2005ರಲ್ಲಿ ತೋರಿಸಿದರು.

ಸರಿ, ಆ ಇರುವೆಯ ಹೊಟ್ಟೆಯಲ್ಲಿ ಕಿಣ್ವ ಯಾಕೆ ಕೆಲಸ ಮಾಡುವುದಿಲ್ಲ? ಅದಕ್ಕೆ ಉತ್ತರ ಬಂದದ್ದು 2014ರಲ್ಲಿ, ಅದೇ ಹೈಲ್ ತಂಡದಿಂದ. ಆಗ ತಾನೇ ಹೊರಬಂದ ಎಳೆ ಇರುವೆಯಲ್ಲಿ ಆ ಕಿಣ್ವ ಸರಿಯಾಗಿಯೇ ಕೆಲಸ ಮಾಡುತ್ತದೆ. ಅದು ಮೊದಲ ಸಲ ಮರದ ರಸ ಕುಡಿಯುತ್ತದೆ ನೋಡಿ, ಆ ರಸದಲ್ಲಿರುವ ಇನ್ನೊಂದು ಪ್ರೋಟೀನು ಇರುವೆಯ ಕಿಣ್ವವನ್ನು ಅಲ್ಲೇ ತಡೆದುಬಿಡುತ್ತದೆ. ಅಲ್ಲಿಂದ ಮುಂದೆ ಬೇರೆ ಕಡೆಯ ಸಿಹಿ ಅದಕ್ಕೆ ಅರಗುವುದಿಲ್ಲ. ಇದೇ ಮರದ ರಸ ಕುಡಿಯಬೇಕು, ಇಲ್ಲೇ ಇರಬೇಕು. ಇಲ್ಲೇ ಇರಬೇಕು ಅಂದ ಮೇಲೆ ಈ ಮರ ಉಳಿಯುವುದು ಇರುವೆಗೂ ಜೀವದ ಪ್ರಶ್ನೆ. ತುಂಬಾ ಜನ ಈ ಸಂಬಂಧಕ್ಕೆ 'ಗೆಳೆತನ' ಅಂತ ಹೆಸರಿಡುತ್ತಾರೆ. ನನಗೆ ಆ ಮಾತು ಸರಿ ಕಾಣುವುದಿಲ್ಲ. ಇಬ್ಬರಿಗೂ ಲೆಕ್ಕ ಹೊಂದುವವರೆಗೆ ನಡೆಯುವ ಕೊಡು-ತಗೋ ವ್ಯವಹಾರ ಇದು, ಲೆಕ್ಕ ಏರುಪೇರಾದರೆ ಮುರಿಯುತ್ತದೆ. ಮುರಿದದ್ದಕ್ಕೆ ಉದಾಹರಣೆ ಕೆಳಗೆ ಕೊಡುತ್ತೇನೆ.

ಕಾವಲು ಇರುವೆಗಳು ಅಷ್ಟು ಜೋರಾಗಿದ್ದರೆ ಹೂವಿಗೆ ಜೇನುನೊಣ ಬಂದಾಗ ಅದನ್ನೂ ಓಡಿಸುವುದಿಲ್ಲವೇ? (ಮೂಡಿಗೆರೆ)

ಒಳ್ಳೆ ಪ್ರಶ್ನೆ. ಟಾಂಜಾನಿಯಾದ ಒಂದು ಇರುವೆ-ಜಾಲಿಯಲ್ಲಿ ಇದನ್ನೇ ಹುಡುಕಿ 1997ರಲ್ಲಿ ಪ್ರಕಟಿಸಿದ್ದಾರೆ. ಹೊಸದಾಗಿ ಅರಳಿದ ಹೂವಿನಿಂದ ಇರುವೆಗೆ ಆಗದ ಒಂದು ವಾಸನೆ ಬರುತ್ತದೆ. ಪರಾಗ ಸಿದ್ಧವಿರುವ ಹೊತ್ತಿನಲ್ಲಿ ಇರುವೆ ಆ ಹೂವಿನ ಹತ್ತಿರ ಸುಳಿಯುವುದಿಲ್ಲ. ಜೇನುನೊಣ ಬಂದು ಕೆಲಸ ಮುಗಿಸಿ ಹೋಗುತ್ತದೆ. ಹೂವು ಹಳೆಯದಾದ ಮೇಲೆ ವಾಸನೆ ಕಡಿಮೆಯಾಗಿ ಇರುವೆ ಮತ್ತೆ ಅಲ್ಲಿಗೂ ಕಾವಲಿಗೆ ಬರುತ್ತದೆ, ಆಗ ಒಳಗೆ ಕಟ್ಟುತ್ತಿರುವ ಬೀಜಕ್ಕೆ ಕಾವಲು ಬೇಕಲ್ಲ.

ಇದೆಲ್ಲ ಶುರುವಾಗಿದ್ದು ಯಾವಾಗ? ಡೈನೋಸಾರ್ ಕಾಲದಿಂದಲೇ ಇದೆಯೇ? (ಕಲಬುರಗಿ)

ಅರ್ಧ ಹೌದು, ಅರ್ಧ ಅಲ್ಲ. 2018ರಲ್ಲಿ ಷಿಕಾಗೋದ ಫೀಲ್ಡ್ ಮ್ಯೂಸಿಯಂನ ವಿಜ್ಞಾನಿಗಳು 1,700ಕ್ಕೂ ಹೆಚ್ಚು ಇರುವೆ ಜಾತಿಗಳ ವಂಶವೃಕ್ಷವನ್ನೂ ಸುಮಾರು 10,000 ಗಿಡ ಕುಲಗಳ ವಂಶವೃಕ್ಷವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಇರುವೆಗಳು ಆಹಾರ ಹುಡುಕುತ್ತಾ ಮರ ಹತ್ತಿದ್ದು ಡೈನೋಸಾರ್ ಕಾಲದಲ್ಲೇ. ಆಮೇಲೆ ಗಿಡದ ರಸ, ಸಿಹಿ ಇವುಗಳ ಮೇಲೆ ಬದುಕಲು ಕಲಿತವು. ಮರದಲ್ಲೇ ಮನೆ ಮಾಡಿದ್ದು ಅದಕ್ಕೂ ಆಮೇಲೆ. ಮೊದಲು ದಾರಿ, ಆಮೇಲೆ ಊಟ, ಕೊನೆಗೆ ಮನೆ. ನಾವು ಒಂದು ಊರಿಗೆ ಕೆಲಸಕ್ಕೆ ಹೋಗಿ ನೆಲೆ ನಿಲ್ಲುವುದೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ.

ಎಲೆಯ ಮೇಲಿನ ಸಿಹಿ ಗಂಟುಗಳಿಗೆ ಪಳೆಯುಳಿಕೆಯೂ ಸಿಕ್ಕಿದೆ, ಅಮೆರಿಕದ ಕೊಲರಾಡೋದಲ್ಲಿ, ಸುಮಾರು 3.5 ಕೋಟಿ ವರ್ಷ ಹಳೆಯದು. ಮನೆ ಕೊಡುವ ಮರಗಳು ಅದಕ್ಕಿಂತ ಈಚಿನವು. 2015ರಲ್ಲಿ ಗಿಯೋಮ್ ಷೋಮಿಕಿ ಮತ್ತು ಸುಸಾನ್ ರೆನರ್ ಜಗತ್ತಿನ ಇರುವೆ-ಗಿಡಗಳನ್ನೆಲ್ಲ ಪಟ್ಟಿ ಮಾಡಿದಾಗ 50 ಕುಟುಂಬಗಳಲ್ಲಿ 681 ಜಾತಿಗಳು ಸಿಕ್ಕವು. ಇವು ಒಂದೇ ಮೂಲದಿಂದ ಬಂದವಲ್ಲ. ಗಿಡಗಳು ಇರುವೆಗೆ ಮನೆ ಕೊಡುವುದು ಸುಮಾರು 158 ಸಲ ಬೇರೆ ಬೇರೆಯಾಗಿ ಶುರುವಾಗಿದೆ, 43 ಸಲ ಬಿಟ್ಟುಹೋಗಿದೆ. ಬಹುಪಾಲು ಕಳೆದ 2 ಕೋಟಿ ವರ್ಷಗಳ ಒಳಗೆ.

ಈ 158 ಅನ್ನುವ ಸಂಖ್ಯೆ ನೋಡಿದಾಗ ನನಗೆ ನಿಜಕ್ಕೂ ರೋಮಾಂಚನವಾಯಿತು. ಅಮೆಜಾನಿನ ಸೆಕ್ರೋಪಿಯಾ ಮರ ಟೊಳ್ಳು ಕಾಂಡದಲ್ಲಿ ಅಜ್ಟೆಕಾ ಇರುವೆಗೆ ಜಾಗ ಕೊಟ್ಟು, ಎಲೆಯ ಬುಡದಲ್ಲಿ ಗ್ಲೈಕೋಜನ್ ತುಂಬಿದ ಉಂಡೆ ಕೊಡುತ್ತದೆ. ಗ್ಲೈಕೋಜನ್ ಅಂದರೆ ನಮ್ಮ ಯಕೃತ್ತಿನಲ್ಲಿರುವ, ಪ್ರಾಣಿಗಳಲ್ಲಿ ಸಿಗುವ ಪಿಷ್ಟ. ಬೋರ್ನಿಯೋದ ಮಕರಂಗಾ ಮರದ ಕಾಂಡದ ಮೇಲೆ ಜಾರುವ ಮೇಣ ಇರುತ್ತದೆ. ಬೇರೆ ಇರುವೆ ಹತ್ತಿದರೆ ಜಾರಿ ಬೀಳುತ್ತದೆ, ಅದರದೇ ಇರುವೆ ಮಾತ್ರ ಸಲೀಸಾಗಿ ಓಡಾಡುತ್ತದೆ. ಫಿಜಿ ದ್ವೀಪದಲ್ಲಿ ಒಂದು ಇರುವೆ ಮರದ ತೊಗಟೆಯ ಬಿರುಕಿನಲ್ಲಿ ಗಿಡದ ಬೀಜವನ್ನು ತಾನೇ ನೆಟ್ಟು, ತನ್ನ ಹಿಕ್ಕೆಯನ್ನೇ ಗೊಬ್ಬರ ಮಾಡಿ ಬೆಳೆಸಿ, ಆಮೇಲೆ ಅದರಲ್ಲೇ ವಾಸ ಮಾಡುತ್ತದೆ. ಈ ಬೇಸಾಯ ಸುಮಾರು 30 ಲಕ್ಷ ವರ್ಷದಿಂದ ನಡೆದಿದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಗಿಡಗಳು, ಬೇರೆ ಬೇರೆ ಖಂಡಗಳು, ಆದರೂ ಬಂದು ನಿಂತದ್ದು ಒಂದೇ ತರಹದ ಒಪ್ಪಂದಕ್ಕೆ.

ನಮ್ಮ ಕಾಫಿ ತೋಟದ ಪಕ್ಕದ ಕಾಡಿನಲ್ಲಿ ಒಂದು ಮರ ಇದೆ. ಅದರ ಕೊಂಬೆ ಅಲ್ಲಲ್ಲಿ ಊದಿಕೊಂಡಿರುತ್ತದೆ. ಮುರಿದರೆ ಒಳಗೆ ಟೊಳ್ಳು, ಇರುವೆ ಇರುತ್ತವೆ. ಒಮ್ಮೆ ಎರೆಹುಳು ಇತ್ತು! ಮರದ ಮೇಲೆ ಎರೆಹುಳು ಹೇಗೆ ಬಂತು? (ಸಂಪಾಜೆ, ಕೊಡಗು)

ನಿಮ್ಮ ಪತ್ರ ಓದಿ ಎಷ್ಟು ಖುಷಿಯಾಯಿತು ಅಂತ ಹೇಳಲಾರೆ. ನೀವು ನೋಡಿದ್ದು ಬಹುತೇಕ ಹುಂಬೋಲ್ಟಿಯಾ ಬ್ರುನೋನಿಸ್. ಹುಣಸೆ, ಅಶೋಕದ ಕುಟುಂಬದ್ದು. ದೊಡ್ಡ ಮರಗಳ ನೆರಳಿನಲ್ಲಿ ಬೆಳೆಯುವ ಸಣ್ಣ ಮರ. ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ.

ನಾನು ಇದನ್ನು ಮೊದಲು ನೋಡಿದ್ದು ವಿರಾಜಪೇಟೆಯಿಂದ ಮಾಕುಟ್ಟಕ್ಕೆ ಇಳಿಯುವ ದಾರಿಯಲ್ಲಿ. ಮಳೆ ನಿಂತು ಒಂದು ಗಂಟೆ ಆಗಿತ್ತು, ಎಲೆಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಎರಡು ಗೆಣ್ಣುಗಳ ನಡುವೆ ಕೊಂಬೆ ಬೆರಳಿನ ಹಾಗೆ ಉಬ್ಬಿತ್ತು, ಅದರಲ್ಲಿ ಒಂದು ಸಣ್ಣ ಸೀಳು. ಇರುವೆ ಕೊರೆದದ್ದಲ್ಲ, ಆ ಸೀಳು ತಾನಾಗಿಯೇ ಬಿಡುತ್ತದೆ. ಉಗುರಿನಿಂದ ಮೆಲ್ಲಗೆ ತಟ್ಟಿದೆ. ಮೂರ್ನಾಲ್ಕು ಕರಿ ಇರುವೆ ಹೊರಬಂದು, ಮೀಸೆ ಆಡಿಸಿ, ಒಂದು ಸುತ್ತು ಹಾಕಿ ಒಳಗೆ ಹೋದವು. ಕಚ್ಚಲಿಲ್ಲ. ಅಲ್ಲೇ ಎರಡು ಮಾರು ದೂರದಲ್ಲಿ ಅದೇ ಜಾತಿಯ ಇನ್ನೊಂದು ಮರ. ಅದರ ಕೊಂಬೆಗಳೆಲ್ಲ ನೇರ, ಒಂದೂ ಉಬ್ಬಿಲ್ಲ, ಒಂದೂ ಮನೆ ಇಲ್ಲ.

ಈ ಮರದ ವಿಶೇಷ ಇರುವುದೇ ಇಲ್ಲಿ. ಮೆಕ್ಸಿಕೋದ ಜಾಲಿಯಲ್ಲಿ ಎಲ್ಲ ಮರಕ್ಕೂ ಮನೆ ಇದೆ, ಒಪ್ಪಂದ ಗಟ್ಟಿಯಾಗಿ ಕೂತಿದೆ. ನಮ್ಮ ಹುಂಬೋಲ್ಟಿಯಾದಲ್ಲಿ ಕೆಲವಕ್ಕೆ ಇದೆ, ಕೆಲವಕ್ಕೆ ಇಲ್ಲ. ಎಲೆಗಳ ಮೇಲೆ ಸಿಹಿರಸ ಮಾತ್ರ ಎಲ್ಲದರಲ್ಲೂ ಒಸರುತ್ತದೆ. ಒಪ್ಪಂದ ಇನ್ನೂ ಪೂರ್ತಿ ಗಟ್ಟಿಯಾಗದ ಒಂದು ಹಂತ ಇಲ್ಲಿ ನಮ್ಮ ಕಣ್ಣೆದುರಿಗೇ ಇದೆ. ಸಂಬಂಧ ಶುರುವಾಗುವಾಗ ಹೇಗಿರುತ್ತದೆ ಅಂತ ನೋಡಬೇಕಾದವರು ಅಮೆಜಾನಿಗೆ ಹೋಗಬೇಕಾಗಿಲ್ಲ, ನಿಮ್ಮ ತೋಟದ ಬೇಲಿ ದಾಟಿದರೆ ಸಾಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಈ ಮರದ ಹಿಂದೆ ಬಿದ್ದಿದ್ದಾರೆ. ಅವರು ಕಂಡುಕೊಂಡದ್ದರಲ್ಲಿ ಕೆಲವು ಹೇಳುತ್ತೇನೆ. ಒಳಗೆ ಇರುವುದು ಒಂದೇ ಜಾತಿಯ ಇರುವೆ ಅಲ್ಲ, ಹಲವು ಜಾತಿ. ಅವುಗಳಲ್ಲಿ ಎಲೆ ಕಾಯುವುದು ಮುಖ್ಯವಾಗಿ ಟೆಕ್ನೋಮಿರ್ಮೆಕ್ಸ್ ಅನ್ನುವ ಒಂದು ಇರುವೆ. ಉಳಿದ ಹೆಚ್ಚಿನವು ಬಾಡಿಗೆ ಕೊಡದ ಬಾಡಿಗೆದಾರರು. ಒಂದು ಜಾತಿ ಇರುವೆಯಂತೂ ಮರದ ಹೂವನ್ನೇ ಹಾಳು ಮಾಡುತ್ತದೆ. ಇರುವೆಗಳ ಜೊತೆ ಒಂದು ಪುಟ್ಟ ಜೇನೂ ಇದೇ ಮನೆಗಳಲ್ಲಿ ಗೂಡು ಮಾಡುತ್ತದೆ, ಅದೇ ಜೇನು ಈ ಮರದ ಹೂವಿಗೆ ಪರಾಗವನ್ನೂ ತರುತ್ತದೆ. ಇದು 2008ರಲ್ಲಿ ಪ್ರಕಟವಾಯಿತು. ಪರಾಗಸ್ಪರ್ಶ ಮಾಡುವ ಜೇನನ್ನೇ ಮನೆಯಲ್ಲಿಟ್ಟುಕೊಂಡ ಇರುವೆ-ಮರ!

ಇನ್ನು ನಿಮ್ಮ ಎರೆಹುಳು. ಅದು ದಾರಿ ತಪ್ಪಿ ಬಂದದ್ದಲ್ಲ. ಮರದ ಮೇಲೆ ಈ ಮನೆಗಳಲ್ಲಿ ಸಿಗುವ ಎರೆಹುಳುವೇ ಇದೆ, ಪೆರಿಯೋನಿಕ್ಸ್ ಕುಲದ್ದು. ಘಟ್ಟದ ಮಳೆಯಲ್ಲಿ ಕಾಂಡವೆಲ್ಲ ಒದ್ದೆಯಾಗಿರುವಾಗ ಅದಕ್ಕೆ ಓಡಾಡಲು ತೊಂದರೆ ಇಲ್ಲ.

ಹಾಗಾದರೆ ಎಲೆ ಕಾಯದ ಇರುವೆ, ಎರೆಹುಳು ಇವನ್ನೆಲ್ಲ ಮರ ಯಾಕೆ ಇಟ್ಟುಕೊಂಡಿದೆ? ಅವರು ಇನ್ನೊಂದು ಪ್ರಯೋಗ ಮಾಡಿದರು. ಗುರುತು ಹಚ್ಚಿದ ಸಾರಜನಕವನ್ನು ಈ ನಿವಾಸಿಗಳ ಆಹಾರದಲ್ಲಿ ಕೊಟ್ಟು, ಆಮೇಲೆ ಮರದ ಅಂಗಗಳಲ್ಲಿ ಅದನ್ನು ಹುಡುಕಿದರು. ಸಿಕ್ಕಿತು. ಇರುವೆ, ಎರೆಹುಳುಗಳ ಹಿಕ್ಕೆ ಮತ್ತು ಉಳಿಕೆಯಿಂದ ಮರ ಸಾರಜನಕ ಹೀರಿಕೊಳ್ಳುತ್ತಿತ್ತು. ಬೇರಿನಿಂದಲ್ಲ, ಆ ಮನೆಯ ಒಳಗೋಡೆಯಿಂದ. ಅಂದರೆ ಮೇಲೆ ನಾನು ಬಾಡಿಗೆ ಕೊಡದವರು ಅಂದೆನಲ್ಲ, ಅವರೂ ಗೊಬ್ಬರದ ರೂಪದಲ್ಲಿ ಬಾಡಿಗೆ ಕೊಡುತ್ತಿದ್ದಾರೆ. 2014ರ ಈ ಕೆಲಸ ಓದಿದ ಮೇಲೆ ನನಗೆ ಅನ್ನಿಸಿದ್ದು: ಕಾವಲು ಅನ್ನುವುದು ಇಲ್ಲಿ ಆಮೇಲೆ ಬಂದ ಲಾಭ ಇರಬಹುದು, ಗೊಬ್ಬರವೇ ಮೊದಲ ಬಾಡಿಗೆ ಇರಬಹುದು. ಇದು ನನ್ನ ಊಹೆ, ಹಾಗೆಂದೇ ತೆಗೆದುಕೊಳ್ಳಿ.

ಒಂದು ಕೋರಿಕೆ. ಇನ್ನು ಮುಂದೆ ಕೊಂಬೆ ಮುರಿದು ನೋಡಬೇಡಿ. ಸೀಳಿನ ಹತ್ತಿರ ಟಾರ್ಚ್ ಹಿಡಿದರೆ ಒಳಗಿರುವವರು ಕಾಣುತ್ತಾರೆ. ಸೌದೆಗೆ, ಬೇಲಿಗೆ ಕಡಿಯುವವರಿಗೂ ಈ ಮರ ಯಾವುದು ಅಂತ ತೋರಿಸಿ.

ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಚಗಳಿಯೂ ಇದೇ ಗುಂಪಿಗೆ ಸೇರುತ್ತದೆಯೇ? (ಅಂಕೋಲಾ)

ಇಲ್ಲ. ಚಗಳಿ ತನ್ನ ಮರಿಗಳ ಬಾಯಿಂದ ಬರುವ ರೇಷ್ಮೆಯಿಂದ ತಾನೇ ಎಲೆ ಹೊಲಿದು ಮನೆ ಕಟ್ಟಿಕೊಳ್ಳುತ್ತದೆ. ಮಾವು, ಗೇರು, ಹಲಸು, ಯಾವ ಮರವಾದರೂ ನಡೆಯುತ್ತದೆ. ಮರ ಅದಕ್ಕೆ ಮನೆ ಕಟ್ಟಿಕೊಟ್ಟಿಲ್ಲ. ಆದರೆ ಹುಳ ಹಿಡಿಯುವುದರಿಂದ ಮರಕ್ಕೆ ಉಪಕಾರ ಇದೆ. ಗೇರು ತೋಟದಲ್ಲಿ ಚಗಳಿ ಗೂಡು ಕಂಡರೆ ಔಷಧಿ ಹೊಡೆಯುವ ಮೊದಲು ಎರಡು ಸಲ ಯೋಚನೆ ಮಾಡಿ.

ನೀವು ಹೇಳಿದ ಒಪ್ಪಂದ ಮುರಿದುಬಿದ್ದದ್ದು ಎಲ್ಲಾದರೂ ಇದೆಯೇ? ಮುರಿದರೆ ಏನಾಗುತ್ತದೆ? (ಮೈಸೂರು)

ಇದೆ. ಸುಲಭದ್ದು ಮೊದಲು. ಸೆಕ್ರೋಪಿಯಾ ಮರ ಪೋರ್ಟೊ ರಿಕೋ ದ್ವೀಪದಲ್ಲೂ ಬೆಳೆಯುತ್ತದೆ, ಅಲ್ಲಿ ಅಜ್ಟೆಕಾ ಇರುವೆ ಇಲ್ಲ. ಅಲ್ಲಿನ ಮರ ಇರುವೆಗೆಂದು ಕೊಡುತ್ತಿದ್ದ ಊಟವನ್ನೂ ನಿಲ್ಲಿಸುತ್ತಾ ಬಂದಿದೆ. ತಿನ್ನುವವರಿಲ್ಲದ ಮನೆಯಲ್ಲಿ ಅಡುಗೆ ಯಾಕೆ?

ದೊಡ್ಡದು ಕೀನ್ಯಾದ್ದು. ಲೈಕಿಪಿಯಾ ಪ್ರಸ್ಥಭೂಮಿಯ ಕರಿ ಮಣ್ಣಿನ ಮೇಲೆ ಕಣ್ಣು ಹಾಯುವವರೆಗೂ ಒಂದೇ ಜಾತಿಯ ಜಾಲಿ. ಮುಳ್ಳಿನ ಬುಡದ ಉಬ್ಬಿನಲ್ಲಿ ಇರುವೆ ಮಾಡಿದ ತೂತಿನೊಳಗೆ ಗಾಳಿ ನುಗ್ಗಿದಾಗ ಸಿಳ್ಳೆ ಹೊಡೆದ ಹಾಗೆ ಶಬ್ದ ಬರುತ್ತದೆ, ಅದಕ್ಕೇ ಸಿಳ್ಳೆ ಮುಳ್ಳು ಅನ್ನುವ ಅರ್ಥದ ಹೆಸರು. ಇದರ ಮೇಲೆ ನಾಲ್ಕು ಜಾತಿಯ ಇರುವೆ ಜಗಳವಾಡುತ್ತಾ ಬದುಕುತ್ತವೆ, ಒಂದು ಮರದಲ್ಲಿ ಸಾಮಾನ್ಯವಾಗಿ ಒಂದೇ ಜಾತಿ. ಆನೆಯಂಥ ಆನೆಯೂ ಈ ಮರದಿಂದ ಹಿಂದೆ ಸರಿಯುತ್ತದೆ. ಸೊಂಡಿಲಿನ ಒಳಗೆ ಇರುವೆ ಹೊಕ್ಕರೆ ಅದಕ್ಕೆ ತಡೆಯಲಾಗುವುದಿಲ್ಲ.

ಅಲ್ಲಿ 1995ರಲ್ಲಿ ಕೆಲವು ಜಾಗಕ್ಕೆ ಬೇಲಿ ಹಾಕಿ ಆನೆ, ಜಿರಾಫೆಗಳು ಒಳಗೆ ಬರದ ಹಾಗೆ ಮಾಡಿದರು. ತಿನ್ನುವವರು ಇಲ್ಲದಿದ್ದರೆ ಮರ ಸೊಂಪಾಗಿ ಬೆಳೆಯಬೇಕು ಅಲ್ವಾ? ಹತ್ತು ವರ್ಷ ಕಳೆದ ಮೇಲೆ ಟಾಡ್ ಪಾಮರ್ ಮತ್ತು ಜೊತೆಗಾರರು ನೋಡಿದಾಗ ಆದದ್ದು ಬೇರೆಯೇ, ಅದು 2008ರಲ್ಲಿ ಪ್ರಕಟವಾಯಿತು. ತಿನ್ನುವವರಿಲ್ಲ ಅಂದ ಮೇಲೆ ಮರ ಸಿಹಿರಸ ಕಡಿಮೆ ಮಾಡಿತು, ಉಬ್ಬಿದ ಮುಳ್ಳೂ ಕಡಿಮೆ ಮಾಡಿತು. ಊಟ ಕಡಿಮೆಯಾದ ಕಾವಲು ಇರುವೆಗಳು ಸೊರಗಿ, ಮರದ ರಸ ಹೀರುವ ಸ್ಕೇಲ್ ಕೀಟಗಳನ್ನು ಸಾಕತೊಡಗಿದವು. ಅವುಗಳ ಜಾಗಕ್ಕೆ ಇನ್ನೊಂದು ಜಾತಿ ಇರುವೆ ನುಗ್ಗಿತು. ಅದಕ್ಕೆ ಉಬ್ಬು ಮುಳ್ಳು ಬೇಕಾಗಿಲ್ಲ, ಕಾಂಡ ಕೊರೆಯುವ ದುಂಬಿ ಮಾಡಿದ ತೂತೇ ಅದರ ಮನೆ. ಹಾಗಾಗಿ ದುಂಬಿಯನ್ನು ಅದು ತಡೆಯುವುದಿಲ್ಲ. ದುಂಬಿ ಹೆಚ್ಚಿತು. ಆನೆಯೇ ಮುಟ್ಟದ ಆ ಮರಗಳು ನಿಧಾನವಾಗಿ ಬೆಳೆದವು, ಹೊರಗಿನ ಮರಗಳಿಗಿಂತ ಜಾಸ್ತಿ ಸತ್ತವು. ಈ ಪ್ರಯೋಗದ ಬಗ್ಗೆ ಎಷ್ಟು ಸಲ ಓದಿದರೂ ನನಗೆ ಸಾಕಾಗುವುದಿಲ್ಲ. ಮರವನ್ನು ತಿನ್ನುವ ಆನೆಯೇ ಮರದ ಕಾವಲನ್ನು ಎಚ್ಚರವಾಗಿ ಇಟ್ಟಿತ್ತು.

ಈಚಿನದು ಇನ್ನೂ ಬೇಸರ ತರುವಂಥದ್ದು. ಹೊರಗಿನಿಂದ ಬಂದ ದೊಡ್ಡ ತಲೆಯ ಒಂದು ಇರುವೆ ಲೈಕಿಪಿಯಾದಲ್ಲಿ ಹರಡುತ್ತಿದೆ. ಅದು ಕಾವಲು ಇರುವೆಗಳನ್ನು ಮರಿ, ಮೊಟ್ಟೆ ಸಮೇತ ಕೊಲ್ಲುತ್ತದೆ, ಆದರೆ ತಾನು ಮರ ಕಾಯುವುದಿಲ್ಲ. ಕಾವಲು ಹೋದ ಮರಗಳನ್ನು ಆನೆಗಳು ಮುರಿದು ತಿಂದವು. ಪೊದೆಯಂತಿದ್ದ ಜಾಗ ಬಯಲಾಯಿತು. ಸಿಂಹ ಹೊಂಚು ಹಾಕುತ್ತಿದ್ದದ್ದು ಆ ಮರಗಳ ಮರೆಯಲ್ಲಿ. ಮರೆ ಹೋದ ಮೇಲೆ ಜೀಬ್ರಾಗಳು ದೂರದಿಂದಲೇ ಸಿಂಹವನ್ನು ನೋಡಿ ಓಡತೊಡಗಿದವು. 2024ರಲ್ಲಿ ಬಂದ ಅಧ್ಯಯನದ ಪ್ರಕಾರ ಅಲ್ಲಿ ಸಿಂಹಗಳ ಬೇಟೆಯಲ್ಲಿ 2003ರಲ್ಲಿ ಕಾಡೆಮ್ಮೆ ಇರಲೇ ಇಲ್ಲ, 2020ರ ಹೊತ್ತಿಗೆ ನೂರಕ್ಕೆ 42 ಕಾಡೆಮ್ಮೆಯೇ. ಕಾಡೆಮ್ಮೆ ಹಿಡಿಯುವುದು ಸಿಂಹಕ್ಕೂ ಜೀವದ ಮೇಲಿನ ಆಟ. ಅಕ್ಕಿಕಾಳಿಗಿಂತ ಸಣ್ಣ ಇರುವೆಯೊಂದು ಬಂದದ್ದಕ್ಕೆ ಸಿಂಹದ ಊಟ ಬದಲಾಯಿತು.

ನಾನು ಏಳನೇ ಕ್ಲಾಸು. ನಮ್ಮ ಮನೆ ಹತ್ತಿರ ಕಾಡು ಇಲ್ಲ. ಇಂಥದ್ದು ಏನಾದರೂ ನಮ್ಮೂರಲ್ಲೂ ನೋಡಬಹುದಾ? (ರಾಣೆಬೆನ್ನೂರು)

ನೋಡಬಹುದು ಪುಟ್ಟಿ. ಇರುವೆಗೆ ಮನೆ ಕೊಡುವ ಮರ ನಿಮ್ಮೂರಲ್ಲಿ ಸಿಗಲಾರದು, ಆದರೆ ಊಟ ಕೊಡುವ ಗಿಡ ಖಂಡಿತ ಇದೆ. ಬಯಲಲ್ಲೋ ಹಿತ್ತಲಲ್ಲೋ ಹರಳು ಗಿಡ ಹುಡುಕು, ಔಡಲ ಅಂತಾರಲ್ಲ, ಅದೇ. ಎಳೆ ಎಲೆಯ ತೊಟ್ಟು ಎಲೆಗೆ ಸೇರುವ ಜಾಗ ನೋಡು. ಅಲ್ಲಿ ಎರಡು ಸಣ್ಣ ಗುಂಡು ಗಂಟುಗಳಿರುತ್ತವೆ. ಬೆಳಿಗ್ಗೆ ಬೇಗ ಹೋದರೆ ಅವುಗಳ ಮೇಲೆ ಹೊಳೆಯುವ ಹನಿ ಕಾಣಬಹುದು, ಅದೇ ಸಿಹಿರಸ. ಹೂವಿಗೂ ಅದಕ್ಕೂ ಸಂಬಂಧವಿಲ್ಲ. ನೀನು ಅದನ್ನು ನೆಕ್ಕಬೇಡ, ಹರಳಿನ ಗಿಡದಲ್ಲಿ ವಿಷ ಇದೆ. ನಿಮ್ಮ ಕಡೆ ಹತ್ತಿ ಬೆಳೆಯುತ್ತಾರಲ್ಲ, ಹತ್ತಿ ಎಲೆ ಮಗುಚಿ ನಡುನರದ ಮೇಲೆ ನೋಡು, ಅಲ್ಲೂ ಒಂದು ಸಣ್ಣ ಗುಳಿ ಇರುತ್ತದೆ. ಔಷಧಿ ಹೊಡೆದ ಹೊಲಕ್ಕೆ ಮಾತ್ರ ಹೋಗಬೇಡ. ಅಲಸಂದೆಯಲ್ಲಿ ಹೂಗೊಂಚಲಿನ ದಂಟಿನ ಮೇಲೆ ಇರುತ್ತದೆ. ಜಗತ್ತಿನಲ್ಲಿ ಹೀಗೆ ಹೂವಿನ ಹೊರಗೆ ಸಿಹಿ ಕೊಡುವ ಸುಮಾರು 4,000 ಜಾತಿ ಗಿಡಗಳನ್ನು ಪಟ್ಟಿ ಮಾಡಿದ್ದಾರೆ.

ಒಂದು ಹರಳು ಗಿಡ ಆರಿಸಿಕೊಂಡು ಒಂದು ವಾರ, ದಿನಾ ಒಂದೇ ಹೊತ್ತಿಗೆ ಹೋಗು. ಎಳೆ ಎಲೆಯ ಗಂಟಿನ ಮೇಲೆ ಎಷ್ಟು ಇರುವೆ, ಹಳೆ ಎಲೆಯದ್ದರ ಮೇಲೆ ಎಷ್ಟು, ಕರಿದೋ ಕೆಂಪೋ, ಹುಳ ತಿಂದ ತೂತು ಯಾವ ಎಲೆಯಲ್ಲಿ ಜಾಸ್ತಿ, ಇಷ್ಟು ಬರೆದಿಡು. ಬರೆದದ್ದನ್ನು ನನಗೆ ಕಳಿಸು, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.